ನಿಮ್ಮವನೊಬ್ಬನೂ ಇಲ್ಲವೇ?

2025ರ ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶದ ಫುಟ್‌ಬಾಲ್ ತಂಡ ಭಾರತವನ್ನು 1-0ರಿಂದ ಸೋಲಿಸಿದ ದಿನ ಸಂಜೆ, ಇಂಗ್ಲೆಂಡಿನ ಲೆಸ್ಟರ್‌ನ ನಮ್ಮ ಮನೆಯ ಬಾಗಿಲು ತಟ್ಟಿದವರು ಪಕ್ಕದ ಮನೆಯ ಯಜಮಾನರು. ಬಾಂಗ್ಲಾದೇಶದ ಸಿಲ್ಹೆಟ್ ಕಡೆಯಿಂದ ಬಂದು ಇಲ್ಲಿಯೇ ಕೂದಲು ನರೆಸಿಕೊಂಡ ಅವರಿಗೂ ನಮಗೂ ಹಬ್ಬಹರಿದಿನಗಳಲ್ಲಿ ಕೊಟ್ಟು ತೆಗೆದುಕೊಳ್ಳುವ ಬಳಕೆ ಮೊದಲಿನಿಂದಲೂ ಇದೆ. ಆ ದಿನ ಯಾವ ಹಬ್ಬವೂ ಇರಲಿಲ್ಲ, ಆದರೂ ಕೈಯಲ್ಲಿ ರಸಗುಲ್ಲದ ಡಬ್ಬಿ ಇತ್ತು. 2003ರ ನಂತರ ಮೊದಲ ಸಲ ನಿಮ್ಮನ್ನು ಸೋಲಿಸಿದ್ದೇವೆ, ಬೇಸರ ಮಾಡಿಕೊಳ್ಳದೆ ಬಾಯಿ ಸಿಹಿ ಮಾಡಿಕೊಳ್ಳಿ ಎಂದು ನಕ್ಕರು, ನಾನೂ ನಕ್ಕೆ. ಹೊರಡುವ ಮುನ್ನ, ಯಾವ ಕೊಂಕೂ ಇಲ್ಲದೆ, ನಿಜವಾಗಿಯೂ ಗೊತ್ತಿಲ್ಲದೆ ಕೇಳುವವರಂತೆ ಒಂದು ಮಾತು ಕೇಳಿದರು: "ಈ ಊರಿನಲ್ಲಿ ಎತ್ತ ನೋಡಿದರೂ ನಿಮ್ಮವರೇ ಇದ್ದಾರಲ್ಲ ಭಾಯ್, ಭಾರತದ ತಂಡಕ್ಕೆ ಆಡಲು ಇಲ್ಲಿಂದ ನಿಮ್ಮವನೊಬ್ಬನೂ ಇಲ್ಲವೇ?"

ಪ್ರಶ್ನೆ ನ್ಯಾಯವಾದದ್ದೇ. 2021ರ ಜನಗಣತಿಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಮ್ಮನ್ನು ಭಾರತೀಯ ಮೂಲದವರೆಂದು ಬರೆಸಿಕೊಂಡವರು ಹದಿನೆಂಟು ಲಕ್ಷಕ್ಕೂ ಹೆಚ್ಚು. ಬಾಂಗ್ಲಾದೇಶಿ ಮೂಲದವರು ಆರೂವರೆ ಲಕ್ಷದಷ್ಟು. ಲೆಸ್ಟರ್ ನಗರದಲ್ಲಂತೂ ಮೂರರಲ್ಲೊಬ್ಬರು ಭಾರತೀಯ ಮೂಲದವರು. ಹಾಗಿದ್ದೂ ಈ ನಗರದ ಕ್ಲಬ್ಬಿನಿಂದ ಹೊರಟು ತನ್ನ ತಾಯಿಯ ದೇಶದ ಜೆರ್ಸಿ ತೊಟ್ಟು ಭಾರತದ ಎದುರು ನಿಂತ ಮಿಡ್‌ಫೀಲ್ಡರ್ ಹಮ್ಜಾ ಚೌಧುರಿ. ಅವನಿಗೆ ಎದುರಾಗಿ ಆಡಿಸಲು ನಮ್ಮ ಬಳಿ ಇಲ್ಲಿಂದ ಹೋದವರು ಯಾರೂ ಇರಲಿಲ್ಲ. ಇದಕ್ಕೆ ಕಾರಣ ಆಟದಲ್ಲಿಲ್ಲ, ನಮ್ಮ ಮನೆಯ ರೀತಿಯಲ್ಲಿದೆ ಎಂಬುದು ನನ್ನ ಅನಿಸಿಕೆ. ಅದನ್ನೇ ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ.

ಹಮ್ಜಾ ಹುಟ್ಟಿದ್ದು 1997ರಲ್ಲಿ, ಲೆಸ್ಟರ್‌ನಿಂದ ಹೆಚ್ಚು ದೂರವಿಲ್ಲದ ಲಫ್‌ಬರೋ ಪಟ್ಟಣದಲ್ಲಿ. ತಾಯಿ ಬಾಂಗ್ಲಾದೇಶಿ, ತಂದೆ ಕೆರಿಬಿಯನ್ನಿನ ಗ್ರೆನಡಾ ಮೂಲದವರು; ಬೆಳೆದದ್ದು ತಾಯಿ ಮತ್ತು ಬಾಂಗ್ಲಾದೇಶಿ ಮಲತಂದೆಯ ಮನೆಯಲ್ಲಿ. ಬಾಲ್ಯದಲ್ಲೇ ಲೆಸ್ಟರ್ ಸಿಟಿಯ ಅಕಾಡೆಮಿ ಸೇರಿದ. ತಲೆಯ ಮೇಲೆ ದೊಡ್ಡ ಗುಂಗುರು ಕೂದಲಿನ ರಾಶಿ ಹೊತ್ತು ಓಡಾಡುವ ಈ ಹುಡುಗನನ್ನು ಮೈದಾನದ ಯಾವ ಮೂಲೆಯಿಂದಲಾದರೂ ಗುರುತಿಸಬಹುದಿತ್ತು. ಬರ್ಟನ್ ಆಲ್ಬಿಯನ್ ತಂಡಕ್ಕೆ ಲೋನ್ ಮೇಲೆ, ಎಂದರೆ ಎರವಲು ಆಟಗಾರನಾಗಿ, ಹೋಗಿ ಬಂದು, 2017ರಲ್ಲಿ ಲೆಸ್ಟರ್‌ನ ಹಿರಿಯರ ತಂಡದಲ್ಲಿ ಆಡಿದ. ಬಾಂಗ್ಲಾದೇಶಿ ಮೂಲದವರಲ್ಲಿ ಪ್ರೀಮಿಯರ್ ಲೀಗ್ ಆಡಿದ ಮೊದಲಿಗನಾದ. ಗೋಲು ಹೊಡೆದು ಹೆಸರು ಮಾಡುವ ಜಾತಿಯ ಆಟಗಾರನಲ್ಲ. ರಕ್ಷಣೆಯ ನಾಲ್ವರ ಮುಂದೆ ನಿಂತು ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಂಡು ಹತ್ತಿರದ ಜೊತೆಗಾರನಿಗೆ ದಾಟಿಸುವುದು ಅವನ ಕೆಲಸ. ಲೀಗ್‌ನಲ್ಲಿ ಅವನ ಮೊದಲ ಗೋಲು ಬಂದದ್ದು 2020ರ ಹೊಸವರ್ಷದ ದಿನ, ನ್ಯೂಕಾಸಲ್ ವಿರುದ್ಧ. 2021ರ ಮೇನಲ್ಲಿ ಲೆಸ್ಟರ್ ಚೆಲ್ಸಿಯನ್ನು ಸೋಲಿಸಿ ಎಫ್‌ಎ ಕಪ್ ಗೆದ್ದಾಗ ಬದಲಿ ಆಟಗಾರನಾಗಿ ಕೊನೆಯ ನಿಮಿಷಗಳಲ್ಲಿ ಅಂಗಳಕ್ಕಿಳಿದ. ಆಮೇಲೆ ವಾಟ್‌ಫರ್ಡ್‌ಗೆ ಲೋನ್, ಲೆಸ್ಟರ್‌ನ ಹಿಂಬಡ್ತಿ (ಕೆಳಗಿನ ಲೀಗ್‌ಗೆ ಇಳಿಕೆ), ಮತ್ತೆ ಮೇಲೇರಿಕೆ, ಶೆಫೀಲ್ಡ್ ಯುನೈಟೆಡ್‌ಗೆ ಮತ್ತೊಂದು ಲೋನ್. ಒಟ್ಟಿನಲ್ಲಿ ಇದು ದೊಡ್ಡ ತಾರೆಯ ವೃತ್ತಿಜೀವನವಲ್ಲ, ಒಳ್ಳೆಯ ಕುಶಲಕರ್ಮಿಯದು.

ಅವನಿಗೆ ಇಂಗ್ಲೆಂಡ್ ಬಾಗಿಲು ಮುಚ್ಚಿರಲಿಲ್ಲ. 21 ವರ್ಷದೊಳಗಿನವರ ಇಂಗ್ಲೆಂಡ್ ತಂಡದಲ್ಲಿ ಆಡಿದ್ದ. 2019ರ ಯುರೋಪಿಯನ್ ಟೂರ್ನಿಯಲ್ಲಿ ಫ್ರಾನ್ಸ್ ವಿರುದ್ಧ ಒಂದು ಒರಟು ಟ್ಯಾಕಲ್‌ಗೆ ರೆಡ್ ಕಾರ್ಡ್ ಪಡೆದು ಹೊರನಡೆದದ್ದನ್ನು ಇಲ್ಲಿನವರು ಈಗಲೂ ನೆನೆಯುತ್ತಾರೆ. ಹಿರಿಯರ ತಂಡಕ್ಕೆ ಕರೆ ಬರಲೇ ಇಲ್ಲ. ಕಿರಿಯರ ತಂಡದಲ್ಲಿ ಒಂದು ದೇಶಕ್ಕೆ ಆಡಿದವನು, ಬೇರೆ ದೇಶದ ಪೌರತ್ವವೂ ಇದ್ದರೆ, ಫಿಫಾದ ಒಪ್ಪಿಗೆ ಪಡೆದು ಆ ದೇಶದ ಹಿರಿಯರ ತಂಡಕ್ಕೆ ಹೋಗಬಹುದು ಎಂಬ ನಿಯಮ ಬಂದು ಬಹಳ ವರ್ಷಗಳಾದವು. ಹಮ್ಜಾ 2024ರಲ್ಲಿ ಬಾಂಗ್ಲಾದೇಶದ ಪಾಸ್‌ಪೋರ್ಟ್ ಪಡೆದ. ಆ ಡಿಸೆಂಬರ್‌ನಲ್ಲಿ ಫಿಫಾ ಒಪ್ಪಿತು. ಇದಕ್ಕಾಗಿ ಬ್ರಿಟಿಷ್ ಪಾಸ್‌ಪೋರ್ಟನ್ನು ಅವನು ಬಿಡಬೇಕಾಗಿ ಬರಲಿಲ್ಲ. ಶನಿವಾರ ಇಲ್ಲಿನ ಕ್ಲಬ್ಬಿಗೆ ಆಡುವುದು, ಅಂತರರಾಷ್ಟ್ರೀಯ ಬಿಡುವಿನಲ್ಲಿ ಢಾಕಾಕ್ಕೆ ವಿಮಾನ ಹತ್ತುವುದು, ಮತ್ತೆ ಬಂದು ಅಭ್ಯಾಸಕ್ಕೆ ಸೇರುವುದು. ಅವನ ಬದುಕು ಈಗ ಹೀಗೆ ನಡೆದಿದೆ.

ನಾನು ಇಲ್ಲಿ ಬೆರಗಾದದ್ದು ಇಂಗ್ಲೆಂಡಿನವರ ನಿರಾಳತೆಗೆ. ನಮ್ಮ ಅಕಾಡೆಮಿಯಲ್ಲಿ ತಿಂದು ಉಂಡು ಬೆಳೆದವನು, ನಮ್ಮ ಕಿರಿಯರ ಜೆರ್ಸಿ ತೊಟ್ಟವನು, ಈಗ ಇನ್ನೊಂದು ದೇಶಕ್ಕೆ ಹೊರಟಿದ್ದಾನೆ ಎಂದು ಕೊರಗಿದ ಒಬ್ಬನೂ ನನ್ನ ಕಿವಿಗೆ ಬೀಳಲಿಲ್ಲ. ನನ್ನ ಕಚೇರಿಯಲ್ಲಿ ತಲೆಮಾರುಗಳಿಂದ ಲೆಸ್ಟರ್ ಸಿಟಿಯ ಟಿಕೆಟ್ ಇಟ್ಟುಕೊಂಡಿರುವ ಒಬ್ಬ ಬಿಳಿಯರಿದ್ದಾರೆ. ಅವರಿಗೆ ಇದ್ದ ಚಿಂತೆ ಒಂದೇ, ಇಷ್ಟು ದೂರ ಹಾರಾಡಿ ದಣಿದು ಬಂದವನು ಮುಂದಿನ ಪಂದ್ಯಕ್ಕೆ ಕಾಲು ಎತ್ತುತ್ತಾನೋ ಇಲ್ಲವೋ ಎಂಬುದು. ಜಮಾಲ್ ಮುಸಿಯಾಲನ ವಿಷಯದಲ್ಲೂ ಹೀಗೆಯೇ ಆಗಿತ್ತು. ಸ್ಟಟ್‌ಗಾರ್ಟ್‌ನಲ್ಲಿ ಹುಟ್ಟಿ, ಚೆಲ್ಸಿಯ ಅಕಾಡೆಮಿಯಲ್ಲಿ ಬೆಳೆದು, ಇಂಗ್ಲೆಂಡಿನ ಕಿರಿಯರ ತಂಡಗಳಲ್ಲಿ ಆಡಿದ ಆ ಹುಡುಗ 2021ರಲ್ಲಿ ಜರ್ಮನಿಯನ್ನು ಆರಿಸಿಕೊಂಡಾಗ, ಅಯ್ಯೋ ಒಳ್ಳೆಯ ಆಟಗಾರ ಕೈತಪ್ಪಿದ ಎಂದು ಪತ್ರಿಕೆಗಳು ಹಲುಬಿದವು. ಕೃತಘ್ನ ಎಂಬ ಮಾತನ್ನು ಮಾತ್ರ ನಾನು ಎಲ್ಲಿಯೂ ಓದಲಿಲ್ಲ.

ಅತ್ತ ಸಿಲ್ಹೆಟ್‌ನಲ್ಲಿ ನಡೆದದ್ದು ಇನ್ನೂ ಚೆಂದ. 2025ರ ಮಾರ್ಚ್‌ನಲ್ಲಿ ಹಮ್ಜಾ ವಿಮಾನ ಇಳಿದಾಗ ನಿಲ್ದಾಣದ ಹೊರಗೆ ಜನ ಕಿಕ್ಕಿರಿದಿದ್ದರು. ಹಬೀಗಂಜ್ ಜಿಲ್ಲೆಯಲ್ಲಿರುವ ಮನೆತನದ ಹಳ್ಳಿಯವರೆಗೂ ಜಾತ್ರೆಯ ಸಂಭ್ರಮ. ಅವನ ಬಂಗಾಳಿಯಲ್ಲಿ ಸಿಲ್ಹೆಟ್ಟಿನ ಸೊಗಡೂ ಇದೆ, ಇಂಗ್ಲೆಂಡಿನ ರಾಗವೂ ಇದೆ. ಅದನ್ನು ಯಾರೂ ತಪ್ಪೆಂದು ಎಣಿಸಲಿಲ್ಲ. ಅದೇ ತಿಂಗಳ 25ರಂದು ಶಿಲ್ಲಾಂಗ್‌ನಲ್ಲಿ ಏಷ್ಯನ್ ಕಪ್ ಅರ್ಹತಾ ಪಂದ್ಯ, ಎದುರಾಳಿ ಭಾರತ, ಅವನ ಮೊದಲ ಅಂತರರಾಷ್ಟ್ರೀಯ ಪಂದ್ಯ. ಆ ಪಂದ್ಯವನ್ನು ನಾನು ಕಚೇರಿಗೆ ಅರ್ಧ ದಿನ ರಜೆ ಹಾಕಿ ನೋಡಿದೆ. ಫಿಫಾ ಪಟ್ಟಿಯಲ್ಲಿ ನಮಗಿಂತ ಐವತ್ತಕ್ಕೂ ಹೆಚ್ಚು ಸ್ಥಾನ ಕೆಳಗಿದ್ದ ತಂಡ ಮೊದಲ ನಿಮಿಷಗಳಿಂದಲೇ ನಮ್ಮ ಗೋಲಿನ ಬಾಗಿಲಲ್ಲಿ ಓಡಾಡತೊಡಗಿತು. ಹಮ್ಜಾ ಕಾರ್ನರ್ ಒದೆಯುತ್ತಿದ್ದ, ಮರುಕ್ಷಣ ತನ್ನ ರಕ್ಷಣೆಯ ಮುಂದೆ ಬಂದು ನಿಂತಿರುತ್ತಿದ್ದ. ಚೆಂಡು ಬರುವುದಕ್ಕೆ ಮೊದಲೇ ಭುಜ ತಿರುಗಿಸಿ ಹಿಂದೆ ಯಾರಿದ್ದಾರೆಂದು ನೋಡಿಕೊಳ್ಳುವ ಆ ಅಭ್ಯಾಸ ಎಷ್ಟು ವರ್ಷದ ತಾಲೀಮಿನಿಂದ ಬಂದದ್ದೆಂದು ಇಲ್ಲಿನ ಉದ್ಯಾನಗಳಲ್ಲಿ ಶನಿವಾರದ ಮಕ್ಕಳ ಆಟ ನೋಡಿದವರಿಗೆ ಗೊತ್ತು. ನಮ್ಮ ಕಡೆ ಮುಂಚೂಣಿಯಲ್ಲಿ ಆಡುತ್ತಿದ್ದವರು, ಹಿಂದಿನ ಜೂನ್‌ನಲ್ಲಷ್ಟೇ ಕೋಲ್ಕತ್ತದಲ್ಲಿ ಕಣ್ಣೀರಿನ ನಡುವೆ ವಿದಾಯ ಹೇಳಿ, ಗೋಲು ಹೊಡೆಯುವವರು ಬೇರಾರೂ ಇಲ್ಲವೆಂದು ಮತ್ತೆ ಕರೆಸಿಕೊಂಡಿದ್ದ ನಲವತ್ತು ವರ್ಷದ ಸುನಿಲ್ ಚೆಟ್ರಿ. ಪಂದ್ಯ ಗೋಲಿಲ್ಲದೆ ಮುಗಿಯಿತು. ನೂರ ನಲವತ್ತು ಕೋಟಿ ಜನರ ದೇಶ ನಿವೃತ್ತರನ್ನು ಮನೆಯಿಂದ ಎಬ್ಬಿಸಿ ತಂದಿತ್ತು. ನೆರೆಯ ದೇಶ ಹೊರಗೆ ಹೋದವರ ಮಗನನ್ನು ಮನೆಗೆ ಕರೆದಿತ್ತು.

ಬಾಂಗ್ಲಾದೇಶಕ್ಕೆ ಇದು ಹೊಸತೂ ಅಲ್ಲ. ಕೋಪನ್‌ಹೇಗನ್‌ನಲ್ಲಿ ಹುಟ್ಟಿ ಬೆಳೆದ ಮಿಡ್‌ಫೀಲ್ಡರ್ ಜಮಾಲ್ ಭುಯಾನ್ 2013ರಲ್ಲೇ ಅಲ್ಲಿಗೆ ಹೋಗಿ ಆಡತೊಡಗಿ, ಮುಂದೆ ತಂಡದ ನಾಯಕನೂ ಆದ. ಹಮ್ಜಾ ಬಂದ ಮೇಲೆ ಕೆನಡಾದಿಂದ ಶಮಿತ್ ಶೋಮ್ ಎಂಬ ಇನ್ನೊಬ್ಬ ಮಿಡ್‌ಫೀಲ್ಡರ್ ಬಂದ. ಒಬ್ಬನಿಗೆ ಬಾಗಿಲು ತೆರೆದರೆ ಹಿಂದಿನಿಂದ ಇನ್ನೊಬ್ಬ ಬರುತ್ತಾನೆ, ಅಷ್ಟೆ.

ಇನ್ನು ನಮ್ಮ ರೀತಿ. ಭಾರತದ ಪೌರನು ತಾನಾಗಿ ಇನ್ನೊಂದು ದೇಶದ ಪೌರತ್ವ ಪಡೆದರೆ ಆ ಕ್ಷಣವೇ ಭಾರತದ ಪೌರತ್ವ ಕೊನೆಗೊಳ್ಳುತ್ತದೆ; ಸಂವಿಧಾನದ 9ನೇ ವಿಧಿಯೂ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ನೂ ಇದನ್ನೇ ಹೇಳುತ್ತವೆ. ಅದಕ್ಕೆ ಬದಲಾಗಿ ಸಿಗುವುದು ಒಸಿಐ ಕಾರ್ಡ್. ಹೆಸರಿನಲ್ಲಿ ಸಾಗರೋತ್ತರ ಪೌರ ಎಂದಿದ್ದರೂ ಅದು ಪೌರತ್ವವಲ್ಲ, ಬಾಳಿನುದ್ದಕ್ಕೂ ನಡೆಯುವ ವೀಸಾ. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಅಪ್ಪನಿಂದ ಬಂದ ಅಡಿಕೆ ತೋಟ ಇಟ್ಟುಕೊಳ್ಳಬಹುದು, ಪಕ್ಕದ ಅರ್ಧ ಎಕರೆ ಮಾರಾಟಕ್ಕೆ ಬಂದರೆ ಕೊಳ್ಳುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಇಲ್ಲದವರು ದೇಶವನ್ನು ಪ್ರತಿನಿಧಿಸುವಂತಿಲ್ಲ ಎಂದು 2008ರಲ್ಲಿ ಕ್ರೀಡಾ ಸಚಿವಾಲಯ ನಿಯಮ ಮಾಡಿದ ಮೇಲೆ, ಒಸಿಐ ಕಾರ್ಡು ಹಿಡಿದವರಿಗೆ ಭಾರತದ ಜೆರ್ಸಿಯೂ ದೂರವಾಯಿತು. ಆಗ ಮೊದಲ ಪೆಟ್ಟು ಬಿದ್ದದ್ದು ಟೆನ್ನಿಸ್‌ಗೆ. ಅಮೆರಿಕದ ಪಾಸ್‌ಪೋರ್ಟ್ ಇದ್ದ ಪ್ರಕಾಶ್ ಅಮೃತರಾಜ್, ಶಿಖಾ ಉಬೆರಾಯ್, ಸುನೀತಾ ರಾವ್ ಮುಂತಾದವರು ಬದಿಗೆ ಸರಿದರು.

ನಾನೂ ಈ ದಾರಿಯಲ್ಲಿ ನಡೆದವನೇ. ಬ್ರಿಟಿಷ್ ಪೌರತ್ವ ಪಡೆದ ಮೇಲೆ ನನ್ನ ಹಳೆಯ ಪಾಸ್‌ಪೋರ್ಟನ್ನು ಒಪ್ಪಿಸಿದೆ. ಅಂಚೆಯಲ್ಲಿ ಅದು ಹಿಂತಿರುಗಿದಾಗ ರಟ್ಟಿನ ಒಂದು ಮೂಲೆಯನ್ನು ಕತ್ತರಿಯಿಂದ ಕೊಯ್ದಿದ್ದರು, ಒಳಗೆ ರದ್ದಾಗಿದೆ ಎಂಬ ಮುದ್ರೆ ಇತ್ತು. ಹುಟ್ಟಿದ ಊರು, ಅಪ್ಪನ ಹೆಸರು, ಅಮ್ಮನ ಹೆಸರು ಎಲ್ಲವೂ ಇದ್ದಲ್ಲೇ ಇದ್ದವು. ಅದರಲ್ಲಿ ತಪ್ಪೇನಿದೆ, ಕಾನೂನು ಕಾನೂನೇ ಎಂದು ಎಷ್ಟು ಹೇಳಿಕೊಂಡರೂ ಆ ಕೊಯ್ದ ಮೂಲೆಯ ಮೇಲೆ ಬೆರಳು ಆಡುವಾಗ ಹಿತವೆನಿಸುವುದಿಲ್ಲ. ಹಮ್ಜಾನ ಬ್ರಿಟಿಷ್ ಪಾಸ್‌ಪೋರ್ಟಿನ ಮೂಲೆಯನ್ನು ಯಾರೂ ಕೊಯ್ಯಲಿಲ್ಲ.

ಈ ಕಟ್ಟುನಿಟ್ಟು ಎಲ್ಲ ಕಡೆಯೂ ಒಂದೇ ಸಮನೆ ಇದ್ದಿದ್ದರೆ ನನಗೆ ದೂರಿರುತ್ತಿರಲಿಲ್ಲ. ಹೋದವರು ಹೋದರು, ಅವರ ಗೆಲುವು ಅವರದು, ಸೋಲು ಅವರದು ಎಂದು ನಾವು ಸುಮ್ಮನಿದ್ದರೆ ಅದೂ ಒಂದು ನೀತಿಯೇ. ಆದರೆ ನಾವು ಸುಮ್ಮನಿರುವ ಜನವೇ? 2022ರ ಅಕ್ಟೋಬರ್‌ನಲ್ಲಿ ರಿಷಿ ಸುನಕ್ ಇಲ್ಲಿ ಪ್ರಧಾನಿಯಾದಾಗ ಕರ್ನಾಟಕದಿಂದ ನನಗೆ ಬಂದ ಸಂದೇಶಗಳಲ್ಲಿ ಇದ್ದದ್ದು ಒಂದೇ ಮಾತು: ನಮ್ಮ ಅಳಿಯ. 2023ರ ವಿಶ್ವಕಪ್ ಕ್ರಿಕೆಟ್‌ನಲ್ಲಿ ನ್ಯೂಜಿಲೆಂಡಿನ ರಚಿನ್ ರವೀಂದ್ರ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ವಿರುದ್ಧ ಶತಕ ಹೊಡೆದಾಗ ಇಡೀ ಮೈದಾನ ಅವನ ಹೆಸರು ಕೂಗಿತು. ಬೆಂಗಳೂರಿನ ಮನೆಯಲ್ಲಿ ಅಜ್ಜಿ ಅವನಿಗೆ ದೃಷ್ಟಿ ತೆಗೆದ ವಿಡಿಯೊ ನಮ್ಮ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಸುತ್ತಾಡಿತು. ನಾನೂ ಹಂಚಿದೆ, ನಾಲ್ಕು ಗುಂಪಿಗೆ. ಮರುವರ್ಷ ಅದೇ ಮೈದಾನದಲ್ಲಿ ಅವನು ಭಾರತದ ವಿರುದ್ಧವೇ 134 ಹೊಡೆದು ಟೆಸ್ಟ್ ಗೆಲ್ಲಿಸಿದಾಗಲೂ, ಹೊಡೆದರೇನಂತೆ, ನಮ್ಮ ಜಯನಗರದ ಹುಡುಗ ಎಂದವರೇ ಹೆಚ್ಚು. ಹೆಮ್ಮೆ ಪಡುವುದಕ್ಕೆ ನಮಗೆ ಯಾರ ಪಾಸ್‌ಪೋರ್ಟೂ ಅಡ್ಡ ಬರುವುದಿಲ್ಲ. ಆಡಿಸುವುದಕ್ಕೆ ಮಾತ್ರ ಬರುತ್ತದೆ.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಹೊರನಾಡಿಗೆ ಹೋದವರ ಪಾಡು ಅದೇ. ಗೌರಿ ಹಬ್ಬಕ್ಕೆ ಬಾಗಿನ ಬರುತ್ತದೆ, ಹೋದರೆ ಮಡಿಲು ತುಂಬಿ ಕಳುಹಿಸುತ್ತಾರೆ, ಮಗುವಾದರೆ ಬೀದಿಗೆಲ್ಲ ಹೇಳಿಕೊಳ್ಳುತ್ತಾರೆ; ಪಾಲಿನ ಮಾತು ಬಂದಾಗ ಮಾತ್ರ ನೀನು ಈಗ ಆ ಮನೆಯವಳಲ್ಲವೇ ಎನ್ನುತ್ತಾರೆ. ಆಸ್ತಿಯ ವಿಷಯದಲ್ಲಿ ಕರ್ನಾಟಕ ಈ ರೂಢಿಯನ್ನು ಮುರಿದು ಹೆಣ್ಣುಮಕ್ಕಳಿಗೆ ಪಾಲು ಕೊಟ್ಟದ್ದು 1994ರಲ್ಲಿ, ಕೇಂದ್ರ ಸರ್ಕಾರ ಎಚ್ಚೆತ್ತುಕೊಳ್ಳುವುದಕ್ಕೆ ಹನ್ನೊಂದು ವರ್ಷ ಮೊದಲು. ಅಂಥ ನಾಡಿನವರೇ ಪಾಸ್‌ಪೋರ್ಟಿನ ವಿಷಯಕ್ಕೆ ಬಂದಾಗ ಹಳೆಯ ಗಾದೆಗೆ ಜೋತುಬೀಳುವುದು ನನಗೆ ಅರ್ಥವಾಗುವುದಿಲ್ಲ. ಕಳೆದ ಸಲ ಊರಿಗೆ ಹೋಗಿದ್ದಾಗ ದೇವಸ್ಥಾನದ ಜೀರ್ಣೋದ್ಧಾರಕ್ಕೆ ರಸೀದಿ ಪುಸ್ತಕ ಹಿಡಿದು ಬಂದವರು, ನೀವೆಲ್ಲ ಈ ಮಣ್ಣಿನ ಮಕ್ಕಳು, ಕೈಬಿಟ್ಟು ಕೊಡಬೇಕು ಎಂದರು. ಕೊಟ್ಟೆ. ಮಾತು ರಸ್ತೆಯ ಕಡೆಗೆ, ಕೆರೆಯ ಕಡೆಗೆ ಹೊರಳಿ ನಾನು ಒಂದು ಅಭಿಪ್ರಾಯ ಹೇಳಿದ ಕೂಡಲೇ, ಬಿಡಿ ಸಾರ್, ಹೊರಗಿರುವವರಿಗೆ ಇಲ್ಲಿನದು ತಿಳಿಯುವುದಿಲ್ಲ ಎಂದವರೂ ಅವರೇ. ಎರಡು ಮಾತಿನ ನಡುವೆ ಕಾಫಿ ಲೋಟ ಇನ್ನೂ ಖಾಲಿಯಾಗಿರಲಿಲ್ಲ.

ಹಾಗಾದರೆ ಹೊರಗಿನಿಂದ ಬಂದು ಭಾರತಕ್ಕೆ ಆಡಿದವರು ಇಲ್ಲವೇ ಇಲ್ಲವೆ? ಇದ್ದಾರೆ, ಆದರೆ ಅವರು ತೆತ್ತ ಬೆಲೆ ನೋಡಿ. ಜಪಾನಿನ ಶಿಮೊನೊಸೆಕಿಯಲ್ಲಿ ಗುಜರಾತಿ ತಂದೆಗೂ ಜಪಾನಿ ತಾಯಿಗೂ ಹುಟ್ಟಿದ ಮಿಡ್‌ಫೀಲ್ಡರ್ ಅರಾಟಾ ಇಜುಮಿ 2006ರಲ್ಲಿ ಭಾರತದ ಕ್ಲಬ್ಬುಗಳಲ್ಲಿ ಆಡಲು ಬಂದ. ಅಲ್ಲಿನ ದೇಶೀಯ ಲೀಗ್‌ನಲ್ಲಿ ವರ್ಷಗಟ್ಟಲೆ ಚೆನ್ನಾಗಿ ಆಡಿದ. ಆದರೆ ಭಾರತ ತಂಡಕ್ಕೆ ಆಡಬೇಕಾದರೆ ಜಪಾನಿನ ಪೌರತ್ವ ಬಿಡಬೇಕಿತ್ತು. ಬಿಟ್ಟ. ಭಾರತದ ಪಾಸ್‌ಪೋರ್ಟ್ ಅವನಿಗೆ ನೀಲಕಂಠ ಖಂಭೋಲ್ಜಾ ಎಂಬ ಹೆಸರಿನಲ್ಲಿ ಬಂತು. 2013ರಲ್ಲಿ ಭಾರತಕ್ಕೆ ಮೊದಲ ಪಂದ್ಯ ಆಡುವ ಹೊತ್ತಿಗೆ ಅವನಿಗೆ ಮೂವತ್ತು ದಾಟಿತ್ತು. ಮಿಡ್‌ಫೀಲ್ಡರ್ ಒಬ್ಬನ ಕಾಲಿನಲ್ಲಿ ಕಸುವಿರುವ ವರ್ಷಗಳು ಇಪ್ಪತ್ತರಿಂದ ಮೂವತ್ತರವರೆಗಿನವು. ಅವುಗಳನ್ನು ಅರ್ಜಿ, ಅನುಮತಿ, ಕಾಯುವಿಕೆಗೆ ಕೊಟ್ಟು ಉಳಿದದ್ದನ್ನು ಭಾರತ ತಂಡ ಪಡೆಯಿತು. ಅಂಥ ತ್ಯಾಗಕ್ಕೆ ನಮ್ಮಲ್ಲಿ ಸಿಕ್ಕ ಪ್ರಚಾರವೂ ಅಷ್ಟಕ್ಕಷ್ಟೆ.

ಎರಡನೆಯ ಉದಾಹರಣೆ ನಮ್ಮ ಬೆಂಗಳೂರಿನದು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ 1993ರಲ್ಲಿ ಹುಟ್ಟಿದ ರಯಾನ್ ವಿಲಿಯಮ್ಸ್‌ನ ತಾಯಿಯ ಕಡೆಯವರು ಮುಂಬೈಯ ಆಂಗ್ಲೋ-ಇಂಡಿಯನ್ನರು. ಇಂಗ್ಲೆಂಡಿನಲ್ಲಿ ಫುಲ್ಹಮ್, ಪೋರ್ಟ್ಸ್‌ಮತ್ ಕ್ಲಬ್ಬುಗಳಲ್ಲಿ ಇದ್ದವನು, 2019ರಲ್ಲಿ ಆಸ್ಟ್ರೇಲಿಯಾಕ್ಕೆ ಒಂದು ಸೌಹಾರ್ದ ಪಂದ್ಯವನ್ನೂ ಆಡಿದ್ದವನು, 2023ರಲ್ಲಿ ಬೆಂಗಳೂರು ಎಫ್‌ಸಿ ಸೇರಿ ಕಂಠೀರವದ ಜನರಿಗೆ ಅಚ್ಚುಮೆಚ್ಚಾದ. ಅವನು 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವ ತೊರೆದು ಭಾರತೀಯನಾದ. ಪಾಸ್‌ಪೋರ್ಟನ್ನು ಅವನ ಕೈಗಿತ್ತವರು ಚೆಟ್ರಿ. ಢಾಕಾದ ಆ ಪಂದ್ಯಕ್ಕೂ ತಂಡದ ಜೊತೆ ಹೋಗಿದ್ದ. ಕಾಗದಪತ್ರದ ಒಪ್ಪಿಗೆಗಳು ಪೂರ್ತಿಯಾಗದೆ ಆಡಲಾಗಲಿಲ್ಲ. ನನ್ನ ನೆರೆಯವರಿಗೆ ಆ ಸಂಜೆ ಹೇಳಬಹುದಾಗಿದ್ದ ಉತ್ತರ ಅವನೊಬ್ಬನೇ, ಮತ್ತು ಅವನೂ ಆ ದಿನ ಅಂಗಳದ ಹೊರಗಿದ್ದ. ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ ಲಿವರ್‌ಪೂಲ್ ಅಕಾಡೆಮಿಯಲ್ಲಿ ಪಳಗಿದ ಮಿಡ್‌ಫೀಲ್ಡರ್ ಯಾನ್ ಧಂಡಾ ಭಾರತಕ್ಕೆ ಆಡುವ ಆಸೆಯಿದೆ ಎಂದು ಹಿಂದೆಯೇ ಹೇಳಿದ್ದ. ಅವನ ಹೊಟ್ಟೆಪಾಡು ಬ್ರಿಟನ್ನಿನ ಕ್ಲಬ್ಬುಗಳಲ್ಲಿದೆ. ಹುಟ್ಟಿದ ದೇಶದ ಪಾಸ್‌ಪೋರ್ಟ್ ಬಿಟ್ಟು ಬಂದರೆ, ತಾನು ಹುಟ್ಟಿದ ನೆಲದಲ್ಲೇ ಕೆಲಸದ ಪರವಾನಗಿಗೆ ಅರ್ಜಿ ಹಾಕಬೇಕಾಗುತ್ತದೆ. ಇಪ್ಪತ್ತೈದರ ಹರೆಯದವನಿಗೆ ನಾವು ಇಡುವ ಷರತ್ತು ಇದು. ಮೂವತ್ತೆರಡರ ವಿಲಿಯಮ್ಸ್ ಅದನ್ನು ಒಪ್ಪಿಕೊಂಡದ್ದು ಅವನ ದೊಡ್ಡತನ; ಅದನ್ನೇ ನಿಯಮವೆಂದು ಹಿಡಿಯುವುದು ನಮ್ಮ ಸಣ್ಣತನ.

ಇಷ್ಟು ಹೇಳಿದ ಮೇಲೆ, ಮನಸ್ಸಿಲ್ಲದ ಮನಸ್ಸಿನಿಂದ ಕೆಲವು ಮಾತುಗಳನ್ನು ಒಪ್ಪಲೇಬೇಕಾಗಿದೆ. ಊರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ, ಫುಟ್‌ಬಾಲ್ ಬಲ್ಲವನು, ಈ ನನ್ನ ವಾದವನ್ನೆಲ್ಲ ಫೋನಿನಲ್ಲಿ ಕೇಳಿಸಿಕೊಂಡು, "ಅಣ್ಣಾ, ಢಾಕಾದಲ್ಲಿ ಗೋಲು ಹೊಡೆದದ್ದು ಯಾರು ಹೇಳು" ಎಂದ. ಹೊಡೆದದ್ದು ಶೇಖ್ ಮೊರ್ಸಲಿನ್, ಎಡಬದಿಯಿಂದ ಓಡಿ ಬಂದು ಚೆಂಡು ಕೊಟ್ಟದ್ದು ರಕೀಬ್ ಹುಸೇನ್. ಇಬ್ಬರೂ ಬಾಂಗ್ಲಾದೇಶದ ದೇಶೀಯ ಲೀಗ್‌ನಲ್ಲೇ ಬೆಳೆದವರು. ಹಮ್ಜಾ ಆ ದಿನ ನಮ್ಮ ಒಂದು ಖಚಿತ ಗೋಲನ್ನು ತಲೆಯಿಂದ ತಡೆದ ನಿಜ, ಆದರೆ ಗೆಲುವು ಮನೆಯ ಹುಡುಗರದು. ಮೇಲಾಗಿ, ಹಮ್ಜಾ, ಶಮಿತ್ ಎಲ್ಲರೂ ಇದ್ದೂ ಬಾಂಗ್ಲಾದೇಶಕ್ಕೆ ಏಷ್ಯನ್ ಕಪ್‌ನ ದಾರಿ ಸಿಗಲಿಲ್ಲ. ನಮ್ಮ ಹಾಗೆಯೇ ಅವರೂ ಹೊರಬಿದ್ದರು, ಗುಂಪಿನಿಂದ ಮೇಲೇರಿದ್ದು ಸಿಂಗಪುರ. ಹೊರಗಿನವರನ್ನು ಕರೆತಂದರೆ ಬೆಂಗಳೂರಿನ ಗೌತಮಪುರದ ಓಣಿಗಳಲ್ಲಿ ಪೆಲೆಯ ಪ್ರತಿಮೆಯ ಮುಂದೆ ಆಡಿ ಬೆಳೆದ ಹುಡುಗನ ಜಾಗ ಹೋಗುತ್ತದಲ್ಲ ಎಂದೂ ಅವನು ಕೇಳಿದ. ಕರ್ನಾಟಕ 2023ರಲ್ಲಿ ಐವತ್ನಾಲ್ಕು ವರ್ಷಗಳ ಮೇಲೆ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಾಗ ತಂಡದಲ್ಲಿ ಒಸಿಐ ಕಾರ್ಡಿನವರು ಯಾರಿದ್ದರು ಎಂದ. ಯಾರೂ ಇರಲಿಲ್ಲ.

ಕಾನೂನೂ ನಾನು ಹೇಳಿದಷ್ಟು ಸಲೀಸಲ್ಲ. ಕ್ರೀಡಾ ಸಚಿವಾಲಯ ನಾಳೆ ಬೆಳಿಗ್ಗೆ 2008ರ ನಿಯಮವನ್ನು ಹಿಂತೆಗೆದುಕೊಂಡರೂ ಫುಟ್‌ಬಾಲ್‌ಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಫಿಫಾ ಕೇಳುವುದು ಪೌರತ್ವವನ್ನು, ಕಾರ್ಡನ್ನಲ್ಲ. ಸಂಸತ್ತು ಪೌರತ್ವ ಕಾಯ್ದೆಯನ್ನೇ ಮುಟ್ಟಬೇಕು. ದೇಶ ಇಬ್ಭಾಗವಾದ ಗಾಯ ಹಸಿಯಾಗಿದ್ದ ಕಾಲದಲ್ಲಿ, ಯಾರು ಇಲ್ಲಿಯವರು ಯಾರು ಅಲ್ಲಿಯವರು ಎಂಬುದು ಜೀವನ್ಮರಣದ ಪ್ರಶ್ನೆಯಾಗಿದ್ದಾಗ ಬರೆದ ನಿಯಮವದು. ಹಾಗೆ ಬರೆದವರು ಮೂರ್ಖರಲ್ಲ. ಜರ್ಮನಿಯಂಥ ದೇಶವೇ ಎಲ್ಲರಿಗೂ ಉಭಯ ಪೌರತ್ವವನ್ನು ಒಪ್ಪಿಕೊಂಡದ್ದು 2024ರ ಜೂನ್‌ನಲ್ಲಿ. ಆಟಗಾರ ಮಾತ್ರ ಎರಡೂ ಪಾಸ್‌ಪೋರ್ಟ್ ಇಟ್ಟುಕೊಳ್ಳಲಿ, ಕಾಲು ಸೋತು ನಿವೃತ್ತನಾದ ದಿನ ಯಾವುದಾದರೂ ಒಂದನ್ನು ಆರಿಸಿಕೊಳ್ಳಲಿ ಎಂಬ ಸಣ್ಣ ವಿನಾಯಿತಿಯನ್ನಾದರೂ ಮಾಡಬಹುದೆಂದು ನಾನು ಈಗಲೂ ನಂಬಿದ್ದೇನೆ. ಆದರೆ ಫುಟ್‌ಬಾಲಿಗನಿಗೆ ಕೊಟ್ಟದ್ದನ್ನು ವೈದ್ಯನಿಗೆ, ವಿಜ್ಞಾನಿಗೆ ಏಕಿಲ್ಲ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಎಲ್ಲಕ್ಕಿಂತ ಇರಿಸುಮ್ಮಿನ ಒಪ್ಪಿಗೆ ಬೇರೆಯೇ ಇದೆ. ಕಾನೂನು ನಾಳೆಯೇ ಬದಲಾಯಿತೆಂದು ಇಟ್ಟುಕೊಳ್ಳೋಣ, ಕರೆಸಿಕೊಳ್ಳುವುದಕ್ಕೆ ಇಲ್ಲಿ ಯಾರಿದ್ದಾರೆ? ಹದಿನೆಂಟು ಲಕ್ಷ ಜನರಿರುವಲ್ಲಿ ಇಂಗ್ಲೆಂಡಿನ ವೃತ್ತಿಪರ ತಂಡಗಳಲ್ಲಿರುವ ಭಾರತೀಯ ಮೂಲದ ಹುಡುಗರು ಬೆರಳೆಣಿಕೆಯವರು. ನಮ್ಮ ಮನೆಗಳಲ್ಲಿ ಶನಿವಾರ ಬೆಳಿಗ್ಗೆ ಮಕ್ಕಳು ಹೊರಡುವುದು ಗ್ರಾಮರ್ ಶಾಲೆಯ ಪ್ರವೇಶ ಪರೀಕ್ಷೆಯ ಟ್ಯೂಷನ್‌ಗೆ. ಭಾನುವಾರ ಸಂಗೀತ, ಭರತನಾಟ್ಯ, ಕನ್ನಡ ಕಲಿ ತರಗತಿ. ಅಕಾಡೆಮಿ ಎಂದರೆ ವಾರದಲ್ಲಿ ಮೂರು ನಾಲ್ಕು ಸಂಜೆ ಕೆಸರಿನ ಮೈದಾನದ ಬದಿಯಲ್ಲಿ ಕಾರಿನೊಳಗೆ ಕಾಯುವ ತಂದೆತಾಯಿ ಬೇಕು, ಹದಿನಾರು ವರ್ಷಕ್ಕೆ ಕ್ಲಬ್ಬು ಬೇಡವೆಂದರೆ ಮುಂದೇನು ಎಂಬ ಪ್ರಶ್ನೆಗೆ ಎದೆ ಗಟ್ಟಿ ಇರಬೇಕು. ಆ ಅಪಾಯವನ್ನು ಹಮ್ಜಾನ ಮನೆಯವರು ಮೈಮೇಲೆ ಎಳೆದುಕೊಂಡರು. ನಾವು ಎಳೆದುಕೊಳ್ಳುವವರಲ್ಲ, ನನ್ನ ಮಗ ಗೆಳೆಯರ ಜೊತೆ ಆಡಲು ಹೋದಾಗ ಹೋಮ್‌ವರ್ಕ್ ಆಯಿತೇ ಎಂದು ಮೊದಲು ಕೇಳುವವನು ನಾನೇ.

ನಮ್ಮ ಕನ್ನಡ ಬಳಗದ ಬೇಸಿಗೆ ಕೂಟದಲ್ಲಿ ಪ್ರತಿವರ್ಷ ಕ್ರಿಕೆಟ್ ಇರುತ್ತದೆ, ಹಗ್ಗ ಜಗ್ಗಾಟ ಇರುತ್ತದೆ, ಅಂತ್ಯಾಕ್ಷರಿ ಇರುತ್ತದೆ. ಈ ಸಲದ ಸಮಿತಿ ಸಭೆಯಲ್ಲಿ ಮಕ್ಕಳಿಗೆ ಒಂದು ಫುಟ್‌ಬಾಲ್ ಪಂದ್ಯ ಇಡೋಣ ಎಂದು ನಾನು ಸೂಚಿಸಿದೆ. ಯಾರೂ ಬೇಡವೆನ್ನಲಿಲ್ಲ. ಖಜಾಂಚಿಯವರು ಮಾತ್ರ ಕನ್ನಡಕ ಸರಿಮಾಡಿಕೊಂಡು, ಎರಡೂ ಕಡೆಗೆ ಐದೈದು ಮಕ್ಕಳು ಸಿಗುತ್ತಾರೋ ಇಲ್ಲವೋ ಮೊದಲು ವಿಚಾರಿಸಿ, ಆಮೇಲೆ ಮೈದಾನದ ಬಾಡಿಗೆ ಕಟ್ಟೋಣ ಎಂದರು.